ಮಾದೇಶನ ಕೈಗುಣ

ಅಜ್ಜೀಪುರದ ಮಾದೇಶನ ಕೈ ಕೆಟ್ಟುಹೋಯಿತು ಎಂದು ನಿಮಗೆ ಯಾರಾದರೂ ಹೇಳಿದ್ದರೆ — ಅದು ಸುಳ್ಳು. ಆ ಸುಳ್ಳನ್ನು ಹುಟ್ಟಿಸಿದವನು ನಾನು. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಗುರುಸ್ವಾಮಿ. ಹನೂರಿನ ಸ್ಟುಡಿಯೋದವರ ಗ್ರಾಫಿಕ್ಸ್ ಕಾರ್ಡು ಸುಟ್ಟದ್ದು ನನ್ನ ಕೈಯಿಂದ. ಗೊತ್ತಿದ್ದೂ ಮಾದೇಶನ ಹೆಸರು ಹೇಳಿದೆ.

ಇದ್ದದ್ದನ್ನು ಇದ್ದ ಹಾಗೆ ಮುಖಕ್ಕೆ ಹೇಳುವವನು ನಾನು ಎಂದು ಊರೆಲ್ಲ ಜಂಬ ಕೊಚ್ಚಿಕೊಂಡು ತಿರುಗಿದವನು. ಗಿರಾಕಿಗಳ ಜೊತೆ ಜಗಳ, ಕೊರಿಯರ್‌ನವನ ಜೊತೆ ಜಗಳ, ಕರೆಂಟಿನವರ ಜೊತೆ ಜಗಳ. ಇದೊಂದು ವಿಷಯಕ್ಕೆ ಮಾತ್ರ ಬಾಯಿಗೆ ಬೀಗ. ಎದೆಯೊಳಗೆ ಎಷ್ಟು ಸಲ ಹೇಳಿಕೊಂಡಿದ್ದೇನೋ — ಹೊರಗೆ ಒಂದು ಸಲವೂ ಹೇಳಲಿಲ್ಲ.

ಮಾದೇಶ ನನ್ನ ಅಂಗಡಿಯ ಪಾಲುದಾರ. ನನಗಿಂತ ಚಿಕ್ಕವನು, ನನ್ನನ್ನು ಗುರಣ್ಣ ಅನ್ನುತ್ತಿದ್ದ. ಅಜ್ಜೀಪುರದ ಒಕ್ಕಲು ಮನೆಯವನು. ಬೆಳಿಗ್ಗೆ ಬಸ್ಸಿಗೆ ಬರುತ್ತಿದ್ದ, ಸಂಜೆ ಬಸ್ಸಿಗೆ ಹೋಗುತ್ತಿದ್ದ. ಕೆಲಸದಲ್ಲಿ ನನಗಿಂತ ಮೇಲು ಅಂತೇನೂ ಅಲ್ಲ, ಇದನ್ನು ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ. ಸ್ಕ್ರೂ ಎಲ್ಲೆಂದರಲ್ಲಿ ಬಿಸಾಡುವನು, ಆಮೇಲೆ ಮೇಜಿನ ಕೆಳಗೆ ತಡಕುವನು. ಆದರೆ ಅವನಿಗೆ ಕೈಗುಣ ಇತ್ತು. ಅಂದರೆ, ಇದೆ ಎಂದು ಜನ ನಂಬಿದ್ದರು. ಅಜ್ಜೀಪುರದಲ್ಲಿ ಬಿತ್ತನೆಯ ಮೊದಲ ಹಿಡಿ ಬೀಜ ಅವನ ಕೈಯಲ್ಲೇ ಬೀಳಬೇಕು. ಹೊಸ ಬೋರಿನ ಸ್ವಿಚ್ಚು ಅವನೇ ಒತ್ತಬೇಕು. ಎಳೆಗಂದಿ ಹಸು ಒದೆಯುತ್ತಿದ್ದರೆ ಮೊದಲು ಅವನನ್ನು ಕರೆದು ಕೆಚ್ಚಲು ಮುಟ್ಟಿಸುತ್ತಿದ್ದರು. ಅದೇ ನಂಬಿಕೆ ಬಸ್ಸು ಹತ್ತಿ ನಮ್ಮ ಅಂಗಡಿಗೂ ಬಂತು.

"ಮಾದೇಶಣ್ಣ ಬರೋಗಂಟ ಕೂತಿರ್ತೀನಿ ಸಾ, ಅವರ ಕೈಲೇ ಆಕ್ಸಿ" — ಇದನ್ನು ನಾನು ಎಷ್ಟು ಸಲ ಕೇಳಿದ್ದೇನೆ! ನಾನು ಎದುರಿಗೇ ಕೂತಿರುತ್ತಿದ್ದೆ. ಸ್ಕ್ರೂ ಡ್ರೈವರ್ ಕೈಯಲ್ಲೇ ಇರುತ್ತಿತ್ತು. ಅವರು ಮಾತ್ರ ಬಾಗಿಲ ಕಡೆ ನೋಡುತ್ತಾ ಕೂರುತ್ತಿದ್ದರು. ಒಳಗೊಳಗೇ ಉರಿದುಹೋಗುತ್ತಿದ್ದೆ.

"ಕೈಗುಣವಂತೆ ಕೈಗುಣ! ಪೇಸ್ಟಿನ ಗುಣ ಅನ್ರಯ್ಯಾ" ಎಂದು ಸಿಡುಕುತ್ತಿದ್ದೆ. ಮಾದೇಶ ನಗುತ್ತಿದ್ದ. "ಬುಡಿ ಗುರಣ್ಣ, ಪೇಸ್ಟು ನೀವು ತರ್ಸಿದ್ದು, ಕೈ ನಂದು, ಅರ್ಧರ್ಧ" ಅನ್ನುತ್ತಿದ್ದ.

ಈ ಪೇಸ್ಟಿನ ವಿಷಯ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಕಂಪ್ಯೂಟರಿನ ಚಿಪ್ಪು ಕೆಲಸ ಮಾಡುವಾಗ ಕಾಯುತ್ತದೆ. ಆ ಕಾವನ್ನು ಎಳೆದುಕೊಳ್ಳಲು ಅದರ ಮೇಲೆ ಲೋಹದ ಒಂದು ಹಾಸು, ಅದರ ಮೇಲೆ ಫ್ಯಾನು. ಚಿಪ್ಪೂ ನುಣ್ಣಗೆ ಕಾಣುತ್ತದೆ, ಹಾಸೂ ನುಣ್ಣಗೆ ಕಾಣುತ್ತದೆ, ಆದರೆ ಎರಡರ ಮೈಮೇಲೂ ಕಣ್ಣಿಗೆ ಕಾಣದ ಕುಳಿಗಳು. ಆ ಕುಳಿಗಳಲ್ಲಿ ಗಾಳಿ ಕೂತರೆ ಕಾವು ದಾಟುವುದಿಲ್ಲ. ಗಾಳಿಯನ್ನು ಹೊರಗೆ ನೂಕಿ ಅಲ್ಲಿ ಕೂರಲಿ ಎಂದು ಥರ್ಮಲ್ ಪೇಸ್ಟ್ ಹಾಕುತ್ತೇವೆ. ಕಡಿಮೆ ಆದರೆ ಗಾಳಿ ಉಳಿಯುತ್ತದೆ. ಜಾಸ್ತಿ ಆದರೆ ಪೇಸ್ಟೇ ಕಂಬಳಿ ಹೊದಿಸಿದ ಹಾಗಾಗುತ್ತದೆ. ಮಾದೇಶ ಕಡಲೆಕಾಳಿನಷ್ಟು ನಡುವೆ ಇಟ್ಟು ಮೇಲಿಂದ ಒತ್ತುತ್ತಿದ್ದ. ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ಚಿಪ್ಪಿಗೆ ಮೇಲೆ ಮುಚ್ಚಳ ಇರುವುದಿಲ್ಲ, ಅದಕ್ಕೆ ಮೂಲೆಮೂಲೆಗೂ ತೆಳ್ಳಗೆ ಸವರಬೇಕು ಕಣ್ಲಾ ಎಂದು ನಾನು ವಾದ ಮಾಡುತ್ತಿದ್ದೆ. ನನ್ನ ವಾದವೇ ಸರಿ. ಆದರೂ ಅವನು ಒತ್ತಿದ ಕಾರ್ಡುಗಳು ಚೆನ್ನಾಗಿಯೇ ಓಡುತ್ತಿದ್ದವು, ಜನ ಅವನನ್ನೇ ಕೇಳುತ್ತಿದ್ದರು.

ಹನೂರಿನ ಸ್ಟುಡಿಯೋದ ಸೆಲ್ವರಾಜು ಮದುವೆ ವೀಡಿಯೋ ಮಿಕ್ಸಿಂಗ್ ಮಾಡುವವನು. ಬೇಸಿಗೆ, ಮದುವೆಗಳ ಸುಗ್ಗಿ. ಮಿಕ್ಸಿಂಗಿಗೆ ಕೂತರೆ ಕಾರ್ಡು ಕಾದು ಕಂಪ್ಯೂಟರ್ ತಾನೇ ಆಫ್ ಆಗುತ್ತಿದೆ ಎಂದು ಬೈಕಿನಲ್ಲಿ ಸಿಪಿಯು ಡಬ್ಬದ ಸಮೇತ ತಂದಿದ್ದ. ಬಂದವನೇ, ನನ್ನನ್ನು ದಾಟಿಕೊಂಡು ಹೋಗಿ ಮಾದೇಶನ ಮುಂದೆ ಇಟ್ಟ. "ಅಪ್ಪಾ ಮಾದೇಶ, ನಿನ್ ಕೈಲೇ ಆಗ್ಬೇಕು" ಅಂದ. ಮಾದೇಶ ಹಳೇ ಪೇಸ್ಟು ಒರೆಸಿ, ಹೊಸದು ಒತ್ತಿ, ಓಡಿಸಿ ನೋಡಿದ. ಸರಿಹೋಗಿತ್ತು. ಸೆಲ್ವರಾಜು ಪೇಟೆಯಲ್ಲಿ ಕೆಲಸ ಮುಗಿಸಿಕೊಂಡು ಬರುತ್ತೇನೆಂದು ಹೋದ. ಮಾದೇಶ ಯಾವುದೋ ಆಫೀಸಿನ ಪ್ರಿಂಟರ್ ನೋಡಲು ಹೋದ.

ಅಂಗಡಿಯಲ್ಲಿ ನಾನು, ಆ ಕಾರ್ಡು. ಸರಿಹೋಗಿತ್ತಲ್ಲ — ಅಲ್ಲಿಗೆ ಬಿಡಬೇಕಿತ್ತು.

ನನ್ನ ಡ್ರಾಯರಿನಲ್ಲಿ ಲಿಕ್ವಿಡ್ ಮೆಟಲ್ ಇತ್ತು. ಪಾದರಸದ ಹಾಗೆ ಹೊಳೆಯುವ ದ್ರವ ಲೋಹ. ಪೇಸ್ಟಿಗಿಂತ ಎಷ್ಟೋ ಚೆನ್ನಾಗಿ ಕಾವು ಎಳೆಯುತ್ತದೆ. ಆಸೆಪಟ್ಟು ತರಿಸಿಕೊಂಡಿದ್ದೆ, ಯಾರ ಮಿಷನ್ನಿಗೂ ಹಾಕಲು ಧೈರ್ಯ ಬಂದಿರಲಿಲ್ಲ. ಯಾಕೆಂದರೆ ಅದರಲ್ಲಿ ಕರೆಂಟು ಹರಿಯುತ್ತದೆ. ಒಂದು ಹನಿ ಪಕ್ಕಕ್ಕೆ ಜಾರಿ ಚಿಪ್ಪಿನ ಸುತ್ತಲಿನ ಸಣ್ಣ ಬಿಡಿಭಾಗಗಳಿಗೆ ತಾಗಿದರೆ ಕಾರ್ಡು ಮುಗಿಯಿತು. ಹಾಕಲೇಬೇಕೆಂದರೆ ಸುತ್ತಲೂ ವಾರ್ನಿಷ್ ಬಳಿದು ಒಣಗಿಸಬೇಕು. ಚಿಪ್ಪಿನ ಮೈಗೆ ಅಂಟುವಷ್ಟೇ ಉಜ್ಜಿ ಮಿಕ್ಕದ್ದನ್ನು ಹೀರಿ ತೆಗೆಯಬೇಕು. ಬೈಕಿನ ಮೇಲೆ ಕುಲುಕಿಕೊಂಡು ಹೋಗುವ ಮಿಷನ್ನಿಗೆ ಹಾಕಲೇಬಾರದು. ಇದೆಲ್ಲ ನನಗೆ ಬಾಯಿಪಾಠ. ತಿಳಿಯದೆ ಮಾಡಿದೆ ಎಂದು ಹೇಳುವ ದಾರಿಯೂ ನನಗಿಲ್ಲ.

ಮಾದೇಶ ಒತ್ತಿದ ಪೇಸ್ಟನ್ನು ಒರೆಸಿ ತೆಗೆದೆ. ಆ ಲೋಹ ಹಚ್ಚಿದೆ. ವಾರ್ನಿಷ್ ಬಳಿಯಲು ಹೊತ್ತಿರಲಿಲ್ಲ — ಸೆಲ್ವರಾಜು ಬಂದುಬಿಡುತ್ತಾನೆ ಎಂಬ ಅವಸರ. ಹನಿ ಜಾಸ್ತಿ ಬಿತ್ತು, ಅದೂ ಕಂಡಿತು. ಓಡಿಸಿ ನೋಡಿದರೆ, ಅಬ್ಬಾ, ಕಾವು ಸರ್ರನೆ ಇಳಿದಿತ್ತು! ಖುಷಿಗೆ ಒಬ್ಬನೇ ಗಟ್ಟಿಯಾಗಿ ನಕ್ಕೆ. ಸೆಲ್ವರಾಜು ಮುಂದಿನ ಸಲ ಬಂದು, ಕಾರ್ಡು ಹಿಂದೆಂದೂ ಇಷ್ಟು ತಣ್ಣಗಿರಲಿಲ್ಲ ಅನ್ನಬೇಕು, ಆಗ ಎಲ್ಲರೆದುರು ಹೇಳಬೇಕು, ಅದು ನಿನ್ನ ಮಾದೇಶನ ಕೈಯಲ್ಲ, ನನ್ನ ತಲೆ ಎಂದು. ಇಷ್ಟೇ ನನ್ನ ಆಸೆ. ಇಷ್ಟು ಸಣ್ಣ ಆಸೆಗೆ...

ಸೆಲ್ವರಾಜು ಬಂದ, ಡಬ್ಬ ಬೈಕಿಗೆ ಕಟ್ಟಿಕೊಂಡು ಹೊರಟುಹೋದ. ಆ ರಸ್ತೆಯ ಗುಂಡಿಗಳು ಹೇಗೆ ಕುಲುಕಿಸುತ್ತಿದ್ದವೆಂದು ನಿಮಗೇ ಗೊತ್ತು.

ಮತ್ತೆ ಬಂದಾಗ ಅವನ ಕಣ್ಣು ಕೆಂಪಗಿತ್ತು. ಮಿಕ್ಸಿಂಗ್ ನಡುವೆ ಸುಟ್ಟ ವಾಸನೆ ಬಂದು ಎಲ್ಲ ನಿಂತುಹೋಗಿದೆ, ಹೆಣ್ಣಿನ ಕಡೆಯವರು ಬಂದು ಬಾಗಿಲಲ್ಲಿ ಕೂತಿದ್ದಾರೆ ಎಂದು ಕೂಗಾಡಿದ. ನಾನು ಕಾರ್ಡನ್ನು ಕಸಿದುಕೊಂಡ ಹಾಗೆ ತೆಗೆದುಕೊಂಡು ಒಳಗಿನ ಮೇಜಿಗೆ ಹೋದೆ. ಅವನಿಗೂ ಅಲ್ಲೇ ಇದ್ದ ಮಾದೇಶನಿಗೂ ಬೆನ್ನು ಕೊಟ್ಟು ಬಿಚ್ಚಿದೆ. ಚಿಪ್ಪಿನ ಪಕ್ಕದಲ್ಲಿ ಬೆಳ್ಳಿಯ ಸಣ್ಣ ಸಣ್ಣ ಗುಂಡುಗಳು. ಒಂದು ಕಡೆ ಕಪ್ಪಗೆ ಕರಕಲು. ಏನೂ ಯೋಚಿಸಲಿಲ್ಲ ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಯೋಚಿಸಿದೆ. ಬಟ್ಟೆ ತೆಗೆದುಕೊಂಡು ಚಿಪ್ಪಿನ ಮೇಲಿನ ಲೋಹವನ್ನೂ ಗುಂಡುಗಳನ್ನೂ ಒರೆಸಿದೆ. ಒಂದೂ ಉಳಿಯದ ಹಾಗೆ. ಆಮೇಲೆ ತಂದು ಮುಂದೆ ಇಟ್ಟೆ.

"ಯಾರ ಕೈ ಆಡಿದ್ದು ಇದ್ರಲ್ಲಿ?" ಅಂದ ಸೆಲ್ವರಾಜು.

ಮಾದೇಶ ನನ್ನ ಮುಖ ನೋಡಿದ. ಅವನಿಗೆ ಅನುಮಾನ ಇರಲಿಲ್ಲ. ಏನಾದರೂ ಸಮಾಧಾನ ಹೇಳುತ್ತೇನೆ ಎಂದು ನೋಡಿದ್ದು. ನಾನು ಹೇಳಿದೆ —

"ನೀವೇ ಕೇಳಿ ಆಕಿಸ್ಕಂಡಿದ್ದಲ್ವಾ, ಮಾದೇಶನ ಕೈಲಿ?"

ಇಷ್ಟೇ ಮಾತು. ಅದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ, ನೋಡಿ. ಬಹಳ ಕಾಲ ಇದನ್ನೇ ಹಿಡಿದುಕೊಂಡು ಬದುಕಿದೆ.

ಸೆಲ್ವರಾಜುವಿಗೆ ಬೇರೆ ಕಾರ್ಡು ನಾನೇ ತರಿಸಿಕೊಟ್ಟೆ. ಗುರುಸ್ವಾಮಿಗೆ ಬಾಯಿ ಜೋರು, ಮನಸ್ಸು ದೊಡ್ಡದು ಎಂದು ಪೇಟೆಯಲ್ಲಿ ಮಾತಾಯಿತು. ಮಾದೇಶನೂ ಅಂದ, "ನನ್ ತೆಪ್ಪಿಗೆ ನೀವು ತಲೆ ಕೊಟ್ರಿ ಗುರಣ್ಣ." ನಾನು ಹೌದೆಂಬಂತೆ ತಲೆ ಅಲ್ಲಾಡಿಸಿದೆ. ಥೂ!

ಸೆಲ್ವರಾಜು ಸುಮ್ಮನಿರುವ ಆಸಾಮಿಯಲ್ಲ. ಯಾವುದೋ ಮದುವೆಗೆಂದು ಹೋದವನು ಅಜ್ಜೀಪುರದ ಟೀ ಅಂಗಡಿಯಲ್ಲಿ ಕೂತು ಕಥೆ ಹೇಳಿದ್ದಾನೆ. ಮಾದೇಶನ ಕೈ ಕೆಟ್ಟಿದೆ ಎಂದು. ಅದೇ ಹೊತ್ತಿಗೆ ಯಾರದೋ ಹೊಲದಲ್ಲಿ ಮಾದೇಶ ಸ್ವಿಚ್ಚು ಒತ್ತಿದ ಮೋಟಾರು ಸುಟ್ಟಿದೆ. ಮೋಟಾರು ಸುಡುವುದು ಹೊಸದೇ? ವೋಲ್ಟೇಜು ಹೆಚ್ಚುಕಮ್ಮಿ ಆದರೆ ಸುಡುತ್ತದೆ. ಆದರೆ ಜನ ಎರಡನ್ನೂ ಕೂಡಿಸಿದರು. ಆ ವರ್ಷ ಬಿತ್ತನೆಗೆ ಅವನನ್ನು ಯಾರೂ ಕರೆಯಲಿಲ್ಲ. ಬಾಯಿಬಿಟ್ಟು ಯಾರೂ ಏನೂ ಅನ್ನಲಿಲ್ಲವಂತೆ. ಅವನು ಬದುವಿನ ಮೇಲೆ ಹೋಗುತ್ತಿದ್ದರೆ, ಅವನು ದಾಟಿ ಹೋಗುವ ತನಕ ಬೀಜದ ಮಡಿಲು ಬಿಚ್ಚದೆ ಕಾಯುತ್ತಿದ್ದರಂತೆ.

ಅವರು ನಂಬಿದ್ದಿರಲಿ — ಅವನೇ ನಂಬಿಬಿಟ್ಟ. ಅಂಗಡಿಯಲ್ಲಿ ಪೇಸ್ಟಿನ ಸಿರಿಂಜು ಎತ್ತಿಕೊಂಡವನು ಅದನ್ನು ನನ್ನ ಮುಂದೆ ಇಟ್ಟುಬಿಡುವನು. "ಬ್ಯಾಡ ಗುರಣ್ಣ, ನೀವೇ ಆಕಿ" ಎಂದು ಸರಿದುಕೊಳ್ಳುವನು. ಬಂದ ಗಿರಾಕಿಗಳೂ ಈಗ ನನ್ನನ್ನೇ ಕೇಳತೊಡಗಿದರು. ಹೇಳಿಬಿಡುತ್ತೇನೆ: ಮೊದಮೊದಲು ನನಗೆ ಹಾಯೆನಿಸಿತು. ಕೈಗುಣ ಎಂಬುದೇ ಇಲ್ಲ ಎಂದು ವಾದಿಸುತ್ತಿದ್ದವನು ನಾನು. ಒಬ್ಬನ ಕೈಗುಣವನ್ನು ಕಿತ್ತುಕೊಳ್ಳಬಹುದು ಎಂದು ಮಾತ್ರ ಚೆನ್ನಾಗಿ ಗೊತ್ತಿತ್ತು ನನಗೆ.

ಒಂದು ದಿನ ಅವನು ಬರಲಿಲ್ಲ. ಮಾರನೆಯ ದಿನವೂ ಇಲ್ಲ. ತಮಿಳುನಾಡಿನ ಗಡಿಯ ಪಾಲಾರ್ ಹತ್ತಿರ ಯಾವುದೋ ಹೋಟೆಲಿಗೆ ಸೇರಿಕೊಂಡ ಎಂದು ಆಮೇಲೆ ಗೊತ್ತಾಯಿತು. ಹೋಗಿ ಕರೆಯಬಹುದಿತ್ತು. ಫೋನ್ ನಂಬರೂ ಇತ್ತು. ಬೆರಳು ಅದರ ಮೇಲೆ ಇಟ್ಟು ತೆಗೆಯುತ್ತಿದ್ದೆ.

ಅಂಗಡಿ ನಡೆಯಿತು. ಈಗಲೂ ನಡೆಯುತ್ತಿದೆ. ಆದರೆ ಜನ ಡಬ್ಬ ಕೊಡುತ್ತಾರೆ, ಹೋಗುತ್ತಾರೆ, ಕೂರುವುದಿಲ್ಲ. ಮೊದಲು ಕೂರುತ್ತಿದ್ದದ್ದು ಅವನಿಗಾಗಿ, ನನ್ನ ಮೂತಿ ನೋಡಲು ಅಲ್ಲ. ಮಧ್ಯಾಹ್ನ ಅವನ ಡಬ್ಬದ ಮುದ್ದೆ, ಉಪ್ಸಾರಿನಲ್ಲಿ ನನಗೆ ಪಾಲಿರುತ್ತಿತ್ತು. ಅವನ ಹೆಂಡತಿ ನನಗೂ ಸೇರಿಸಿಯೇ ಕಟ್ಟುತ್ತಿದ್ದಳು. ಮದುವೆ ಮಾಡಿಕೊಳ್ಳದೆ ಉಳಿದವನು ನಾನು, ಅವ್ವ ಹೋದ ಮೇಲೆ ಮನೆ ಊಟ ಅಂತ ಉಂಡಿದ್ದು ಅದೊಂದೇ. ಈಗ ಹೋಟೆಲಿಂದ ತಂದದ್ದನ್ನು ಮಿಷನ್ನುಗಳ ನಡುವೆ ಕೂತು ತಿನ್ನುತ್ತೇನೆ. ಕೆಲವು ಸಲ, "ಲೇ ಮಾದೇಶ, ಆ ಸ್ಕ್ರೂ ಎಲ್ಲಾಕಿದೀಯೋ" ಎಂದು ಬಾಯಿಗೆ ಬರುತ್ತದೆ. ಅಂದೂಬಿಟ್ಟಿದ್ದೇನೆ. ಫ್ಯಾನಿನ ಸದ್ದು ಬಿಟ್ಟರೆ ಇನ್ನೇನಿಲ್ಲ.

ಹೋದ ತಿಂಗಳು ಅವನ ತಂಗಿ ಗೌರಮ್ಮ ಬಂದಳು. ಯಳಂದೂರು ಕಡೆ ಅಗರಕ್ಕೆ ಕೊಟ್ಟಿರುವ ಹೆಣ್ಣುಮಗಳು, ಅಲ್ಲಿ ಹಾಲಿನ ಡೈರಿಯ ಲೆಕ್ಕ ನೋಡಿಕೊಳ್ಳುತ್ತಾಳೆ. ಡೈರಿಯ ಕಂಪ್ಯೂಟರ್ ಪದೇಪದೇ ಆಫ್ ಆಗುತ್ತಿದೆ ಎಂದು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದಳು. ಬಿಚ್ಚಿದೆ. ಪೇಸ್ಟು ಒಣಗಿ ಪುಡಿಪುಡಿಯಾಗಿತ್ತು. ನಡುವೆ ದಪ್ಪ, ಅಂಚಿಗೆ ತೆಳುವು. ಒತ್ತಿದ ರೀತಿ ನೋಡಿದರೇ ಗೊತ್ತಾಯಿತು ಯಾರದೆಂದು. ಇಷ್ಟು ವರ್ಷ ನಡೆದಿದೆ! ಅದನ್ನು ಒರೆಸಲು ಬಟ್ಟೆ ತೆಗೆದುಕೊಂಡವನು ಹಾಗೇ ಕೂತೆ.

"ಅಣ್ಣ ಹೆಂಗಿದಾನವ್ವಾ?" ಎಂದೆ. ಅದೊಂದು ಮಾತು ಕೇಳಬಾರದಿತ್ತು, ಅಥವಾ ಎಂದೋ ಕೇಳಬೇಕಿತ್ತು.

"ಅವ್ನೆ, ಅಂಗೇ ಅವ್ನೆ ಗುರಣ್ಣ. ಯಾತಕ್ಕೂ ಕೈ ಆಕಲ್ಲ. ಅವ್ನ್ ಮಗೀಗೆ ಅಕ್ಷರಾಭ್ಯಾಸ ಮಾಡಿದ್ರಲ್ಲ, ತಟ್ಟೇಲಿ ಅಕ್ಕಿ ಅರವಿ, ಅಪ್ಪ ಕೈ ಇಡ್ದು ಬರಿಸ್ಬೇಕಲ್ವಾ? ನನ್ ಕೈ ಬ್ಯಾಡ, ಮಗೀಗೆ ತಾಕ್ತದೆ ಅಂದ್ಬುಟ್ಟ. ಬಾಗಿಲಾಚೆ ಓಗಿ ನಿಂತ್ಕಂಡ. ಕೊನೆಗೆ ನಮ್ಮೆಜಮಾನ್ರು ಬರಿಸಿದ್ರು."

ಒಬ್ಬಳೇ ಮಗಳು ಅವನಿಗೆ. ತಟ್ಟೆಯ ಅಕ್ಕಿಯಲ್ಲಿ ಆ ಸಣ್ಣ ಬೆರಳು, ಬಾಗಿಲಾಚೆ ನಿಂತ ಅಪ್ಪ — ನನ್ನ ಕಣ್ಣ ಮುಂದಿನಿಂದ ಅದು ಹೋಗಲಿಲ್ಲ. ಅಲ್ಲೇ, ಡೈರಿಯ ಕಂಪ್ಯೂಟರ್ ಬಿಚ್ಚಿಟ್ಟುಕೊಂಡು, ಎಲ್ಲ ಹೇಳಿದೆ. ಲೋಹ ಹಚ್ಚಿದ್ದು, ಗುಂಡು ಒರೆಸಿದ್ದು, ಆಡಿದ ಮಾತು. ಗೌರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಬೀದಿ ಕಡೆ ನೋಡುತ್ತಾ ಕೂತಳು. ಆಮೇಲೆ, "ಬೇಗ ಮುಗ್ಸಿ, ಸಾಯಂಕಾಲ ಹಾಲು ಅಳೀಬೇಕು" ಅಂದಳು. ಮುಗಿಸಿಕೊಟ್ಟೆ. ಎದ್ದು ಹೋಗುವಾಗ ಒಂದು ಮಾತು: "ನನ್ಗೇಳಿ ಏನ್ಬಂತು? ಓಗಿ ಅವ್ನ್ಗೇಳಿ."

ಮಾರನೆಯ ಬೆಳಿಗ್ಗೆ ಅಂಗಡಿ ತೆರೆಯದೆ ಬಸ್ಸು ಹತ್ತಿದೆ. ಹನೂರಿನಲ್ಲಿ ಇಳಿದು ಸೆಲ್ವರಾಜುವಿಗೆ ಮೊದಲು ಹೇಳಿದೆ. ಅವನಿಗೆ ನೆನಪು ಮಾಡಿಕೊಡಬೇಕಾಯಿತು. "ಅಯ್ಯೋ, ಆ ಕಾರ್ಡಾ? ಅದಾದ್ಮೇಲೆ ಎಷ್ಟು ಬಂತು, ಎಷ್ಟು ಓಯ್ತು! ಬುಡಪ್ಪಾ" ಎಂದು ನಕ್ಕು, ಟೀ ತರಿಸಲು ಹೊರಟ. ನಾನು ನಿಲ್ಲಲಿಲ್ಲ. ಅಜ್ಜೀಪುರದಲ್ಲಿ ಇಳಿದು ಆ ಟೀ ಅಂಗಡಿಯಲ್ಲಿ ಕೂತವರಿಗೆ ಹೇಳಿದೆ. ಒಬ್ಬ ಮುದುಕರು ಎಲ್ಲ ಕೇಳಿ, ಎಲೆಯಡಿಕೆ ಉಗಿದು, "ನಿನ್ ಮಾತು ಕೇಳಿ ನಾವೂ ಕೆಟ್ವಲ್ಲೋ" ಅಂದರು.

ಪಾಲಾರ್ ತಲುಪಿದಾಗ ಮಧ್ಯಾಹ್ನದ ಬಿಸಿಲು. ಹೋಟೆಲಿನಲ್ಲಿ ಲಾರಿಯವರು ಉಣ್ಣುತ್ತಿದ್ದರು. ಮಾದೇಶ ಬೆಂಚು ಒರೆಸುತ್ತಾ ತಮಿಳಿನಲ್ಲಿ ಯಾರಿಗೋ ಏನೋ ಹೇಳುತ್ತಿದ್ದ. ಕೂದಲು ನೆರೆತಿದೆ. ನನ್ನನ್ನು ಕಂಡದ್ದೇ ಮುಖ ಅರಳಿಬಿಟ್ಟಿತು.

"ಅಯ್ಯೋ ಗುರಣ್ಣ! ಏನಿಷ್ಟು ದೂರ? ಬನ್ನಿ, ಕೂತ್ಕಳಿ, ಊಟ ಮಾಡಿ."

ಕೂತರೆ ಹೇಳಲಾರೆ ಎಂದು ನಿಂತೇ ಹೇಳಿದೆ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲಿ ಹೋಯಿತೋ. ಹೊಟ್ಟೆಕಿಚ್ಚಿಗೆ ಮಾಡಿದೆ ಕಣ್ಲಾ ಮಾದೇಶ, ನೀನು ಆಕಿದ್ದ ಪೇಸ್ಟು ನಾನೇ ಒರೆಸಿದೆ, ಸುಟ್ಟಿದ್ದು ನಾನು ಹಚ್ಚಿದ್ದು, ನೋಡಿದ ಮೇಲೂ ನಿನ್ನ ಹೆಸರೇ ಹೇಳಿದೆ — ಹೀಗೇ ಮುಂದುಹಿಂದಾಗಿ. ಲಾರಿಯವರು ಊಟ ನಿಲ್ಲಿಸಿ ನೋಡಿದರು. ಅವನು ಒರೆಸುವ ಬಟ್ಟೆ ಬೆಂಚಿನ ಮೇಲೆ ಬಿಟ್ಟು ಕೂತುಕೊಂಡ.

"ಅಂಗಂದ್ರೆ... ನನ್ ಕೈ..."

"ಏನೂ ಆಗಿರ್ಲಿಲ್ಲ ಕಣೋ. ಯಾವತ್ತೂ ಆಗಿರ್ಲಿಲ್ಲ."

ಹೊಡೆಯಲಿ ಎಂದು ಕಾದೆ. ಹೊಡೆದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಅವನು ಎರಡು ಕೈಯನ್ನೂ ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ನೋಡುತ್ತಾ ಕೂತ. ಒಳಗಿನಿಂದ ಯಾರೋ ಅವನನ್ನು ಕೂಗಿದರು, ಅವನಿಗೆ ಕೇಳಿಸಲಿಲ್ಲ. ಆಮೇಲೆ ಹೇಳಿದ, ಬೈಗುಳದ ದನಿಯಲ್ಲಲ್ಲ, ನನಗೆ ಏನೋ ತಿಳಿಯದೆಂದು ತಿಳಿಸಿ ಹೇಳುವ ಹಾಗೆ:

"ಮಗಳು ಈಗ ಇಸ್ಕೂಲಿಗೆ ಓಯ್ತಾಳೆ ಗುರಣ್ಣ. ಅವ್ಳೇ ದುಂಡಗೆ ಬರೀತಾಳೆ. ಇನ್ನು ನಾನು ಕೈ ಇಡ್ದು ಬರಿಸೋ ಅಂಗೇ ಇಲ್ಲ."

ಕ್ಷಮಿಸು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೇಳಿದ್ದರೆ, "ಆಯ್ತು ಬುಡಿ ಗುರಣ್ಣ" ಅಂದುಬಿಡುತ್ತಿದ್ದ, ಅವನ ಗುಣವೇ ಅದು. ಅದಕ್ಕೇ ಕೇಳಲಿಲ್ಲ.